ಹದಿನಾಲ್ಕು ಸೆಕೆಂಡಿನ ಕಚ್ಚು

ಮುನಿ, ನಿನ್ನ ಅಣ್ಣನ ದನಿ ನನ್ನ ಹತ್ತಿರ ಇದೆ. ಏಳು ವರ್ಷದಿಂದ ಇದೆ. ಇಲ್ಲ ಎಂದು ನಿನ್ನ ಮನೆಯಲ್ಲೇ ಕೂತು, ನಿನ್ನ ಅಮ್ಮನ ಎದುರಿಗೇ ಹೇಳಿದೆನಲ್ಲ — ಅದು ಸುಳ್ಳು.

ನಾನು ನಿನಗೆ ಕೊಟ್ಟ ಕಾಪಿ ಆರು ನಿಮಿಷ ನಲವತ್ತು ಸೆಕೆಂಡು ಓಡುತ್ತದೆ. ನನ್ನ ಅಲಮಾರಿಯಲ್ಲಿರುವ ರೀಲು ಓಡುವುದು ಆರು ನಿಮಿಷ ಐವತ್ನಾಲ್ಕು ಸೆಕೆಂಡು. ನಡುವಿನ ಹದಿನಾಲ್ಕು ಸೆಕೆಂಡನ್ನು ಕತ್ತರಿಸಿದವನು ನಾನು. ಕೈತಪ್ಪಿ ಆದದ್ದಲ್ಲ. ಬೇಕೆಂದೇ ಮಾಡಿದೆ, ಒಂದಲ್ಲ, ಎರಡು ಸಲ.

ಇದನ್ನು ನಿನ್ನ ಮಕ್ಕಳೂ ಓದಬಹುದು. ಅವರಿಗೆ ನಮ್ಮ ಹುಚ್ಚೇನು ಗೊತ್ತು? ಆದ್ದರಿಂದ ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಸುತ್ತಿ ಬಳಸಿ ಮಾತಾಡುವುದು ನನ್ನ ಚಾಳಿ ಎಂದು ನೀನೇ ಬೈಯುತ್ತಿದ್ದೆ.

ಅರವತ್ತರ ದಶಕದಲ್ಲಿ ಕಂಟೋನ್ಮೆಂಟಿನಲ್ಲಿ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಹುಡುಗರು ಗಿಟಾರು, ಡ್ರಮ್ಮು ಇಟ್ಟುಕೊಂಡು ಹಾಡುತ್ತಿದ್ದ ಹಾಲುಗಳಿದ್ದವು. ಹಾಡಿದ ಗುಂಪುಗಳಲ್ಲಿ ಒಂದು ‘ದಿ ಕೆರೋಸಿನ್ಸ್’. ಹಾಡುವವನ ಅಪ್ಪನದು ಶಿವಾಜಿನಗರದಲ್ಲಿ ಸೀಮೆಎಣ್ಣೆ ಡಿಪೋ, ಅದಕ್ಕೇ ಆ ಹೆಸರು! ನಾಲ್ಕು ಜನ. ಅದರಲ್ಲಿ ಬೇಸ್ ಗಿಟಾರಿನವನು, ಒಂದು ದಿನವೂ ಬಾಯಿ ಬಿಟ್ಟು ಹಾಡದವನು, ಪೋಸ್ಟರಿನಲ್ಲಿ ಗ್ಯಾರಿ ಎಂದಿದ್ದವನು, ಹಲಸೂರಿನ ಗೋವಿಂದರಾಜು — ನಿನ್ನ ಅಣ್ಣ. ಅವನು ಸತ್ತಾಗ ಅವನಿಗೆ ಇಪ್ಪತ್ತು, ನಿನಗೆ ನಾಲ್ಕು. ಅವನ ಮುಖ ನಿನಗೆ ಫೋಟೋದಿಂದ ಗೊತ್ತು. ದನಿ ಹೇಗಿತ್ತು ಎಂಬುದು ನೆನಪೇ ಇಲ್ಲ ಎಂದಿದ್ದೆ.

ನನಗೆ ಆ ಗುಂಪು ಏನೂ ಆಗಬೇಕಾಗಿರಲಿಲ್ಲ. ಹಲಸೂರು ಬಜಾರಿನಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟವನು ನಾನು. ಯಾರದೋ ಮನೆಯ ಅಟ್ಟದಿಂದ ಬಂದ ಎರಡು ನಿಮಿಷದ ಮೂಕ ಫಿಲಂ ಒಂದರಲ್ಲಿ ಆ ನಾಲ್ವರನ್ನು ನೋಡಿದೆ, ಅಷ್ಟೆ. ಇವರು ಯಾರು? ಇದು ಯಾವ ಹಾಲು? ವೇದಿಕೆಯ ಹಿಂದಿನ ಪರದೆಯ ಎಡಮೂಲೆಯಲ್ಲಿ ತೇಪೆ ಯಾಕಿದೆ? ಹುಳ ಬಿಟ್ಟುಕೊಂಡೆ ತಲೆಗೆ. ಆಮೇಲೆ ಹದಿನೈದು ವರ್ಷ ಬೇರೆ ಕೆಲಸವೇ ಇಲ್ಲದವನಂತೆ ಅವರ ಹಿಂದೆ ಬಿದ್ದೆ. ಗುಜರಿಯಲ್ಲಿ ಡಬ್ಬ ಕೆದಕಿದೆ, ಮದುವೆ ಫಿಲಂ ತೆಗೆಯುತ್ತಿದ್ದವರ ಮನೆ ಬಾಗಿಲು ಬಡಿದೆ. ಆ ತೇಪೆಯ ಪರದೆ ಇನ್ನೊಂದು ಫಿಲಮ್ಮಿನಲ್ಲೂ ಸಿಕ್ಕ ದಿನ ಅಂಗಡಿ ಮುಚ್ಚಿಕೊಂಡು ಒಬ್ಬನೇ ಕುಣಿದಿದ್ದೇನೆ.

ನಂತರ ಆ ರೀಲು ಸಿಕ್ಕಿತು. ಬಾಣಸವಾಡಿ ಸ್ಟೇಷನ್ ಹತ್ತಿರ ಒಬ್ಬ ಮುದುಕಿ ಮನೆ ಖಾಲಿ ಮಾಡಿ ಮಗಳ ಜೊತೆ ಪರದೇಶಕ್ಕೆ ಹೊರಟಿದ್ದರು. ಅವರ ಟಿವಿಗೆ ಎಷ್ಟೋ ಸಲ ಜೀವ ಕೊಟ್ಟವನು ನಾನು. ತೀರಿಹೋದ ಅವರ ಗಂಡ ಕೆರೋಸಿನ್ಸ್ ಹಾಡುತ್ತಿದ್ದ ಹಾಲಿನ ಮ್ಯಾನೇಜರ್ ಆಗಿದ್ದರಂತೆ. ವಿದೇಶದ ಟಿವಿಯವರು ಬಂದು ಶೂಟಿಂಗ್ ಮಾಡಿ, ನೆನಪಿಗೆ ಒಂದು ಪ್ರಿಂಟು ಕಳಿಸಿದ್ದರು. ಬಿಸ್ಕತ್ತಿನ ಡಬ್ಬದಲ್ಲಿ ಅದನ್ನಿಟ್ಟು ಕೊಟ್ಟರು. ಮುಚ್ಚಳ ತೆಗೆದರೆ ಹುಳಿ ವಾಸನೆ — ಹಳೇ ಫಿಲಂ ಕೆಡಲು ಶುರುವಾದರೆ ಬರುವ ವಾಸನೆ. ಅಂಚಿನಲ್ಲಿ ದನಿಯ ಪಟ್ಟಿ ಇತ್ತು. ಕೆರೋಸಿನ್ಸ್ ದನಿ ಸಮೇತ ಇದ್ದದ್ದು ಜಗತ್ತಿನಲ್ಲಿ ಅದೊಂದೇ, ನನಗೆ ಗೊತ್ತಿದ್ದ ಮಟ್ಟಿಗೆ.

ಸುದ್ದಿ ಹಬ್ಬಿತು. ನನ್ನಂಥ ಹಳೇ ಫಿಲಂ ಹುಚ್ಚರು ನಾಲ್ಕು ಜನ ಶಿವಾಜಿನಗರದ ಚಹಾ ಅಂಗಡಿಯಲ್ಲಿ ಭಾನುವಾರ ಸೇರುತ್ತಿದ್ದರು. ನಾಲ್ವರೂ ಕಾಪಿ ಕೇಳಿದರು. ಅದೇ ವಾರ ನೀನು ನನ್ನ ಅಂಗಡಿಗೆ ಬಂದೆ, ಗರುಡಾಚಾರ್‌ಪಾಳ್ಯದ ಫ್ಯಾಕ್ಟರಿಯಿಂದ ನೇರವಾಗಿ, ಲೇತ್ ಮೆಷಿನ್ನಿನ ಎಣ್ಣೆ ಕೈಯಲ್ಲೇ. ಜೇಬಿನಿಂದ ಫೋಟೋ ತೆಗೆದು ಕೌಂಟರಿನ ಮೇಲಿಟ್ಟೆ.

“ಇವ್ನು ನಮ್ಮಣ್ಣ, ಶೇಖರಣ್ಣ. ನಿಮ್ ಹತ್ರ ಫಿಲಂ ಇದೆಯಂತೆ. ನಮ್ಮಮ್ಮಂಗೆ ತೋರಿಸ್ಬೇಕು.”

ಈಗ ಕಚ್ಚಿನ ವಿಷಯ ಹೇಳಬೇಕು. ನಿನಗೆ ಇದು ಗೊತ್ತಿಲ್ಲ. ನೀನು ನಮ್ಮ ಜೊತೆ ಕೂತು ಚಹಾ ಕುಡಿದೆ, ಆದರೆ ಸಂಗ್ರಹದವನು ಆಗಲೇ ಇಲ್ಲ. ನಮ್ಮಲ್ಲಿ ಯಾರೂ ಯಾರಿಗೂ ಪೂರ್ತಿ ಕಾಪಿ ಕೊಡುವುದಿಲ್ಲ. ಒಬ್ಬೊಬ್ಬರ ಕಾಪಿಯಲ್ಲಿ ಒಂದೊಂದು ಕಡೆ ಹತ್ತು ಹದಿನೈದು ಸೆಕೆಂಡು ತೆಗೆದಿರುತ್ತೇವೆ. ನಾಳೆ ಆ ಫಿಲಂ ಇಂಟರ್ನೆಟ್ಟಿನಲ್ಲಿ ಕಾಣಿಸಿಕೊಂಡರೆ, ಎಲ್ಲಿ ಕಡಿಮೆ ಇದೆ ನೋಡಿ ಯಾರು ಬಿಟ್ಟರು ಎಂದು ಹಿಡಿಯಬಹುದು. ಅದಕ್ಕೆ ಕಚ್ಚು ಎನ್ನುತ್ತೇವೆ. ಎಲ್ಲರೂ ಹಾಕುತ್ತಾರೆ, ಎಲ್ಲರಿಗೂ ಗೊತ್ತು, ಆದರೆ ಬಾಯಿ ಬಿಟ್ಟು ಆಡುವಂತಿಲ್ಲ. ‘ನನ್ನ ಕಾಪಿಗೆ ಕಚ್ಚು ಹಾಕಿದೀಯಾ?’ ಎಂದು ಕೇಳಿದರೆ, ‘ನನ್ನನ್ನು ಕಳ್ಳ ಅಂದ್ಕೊಂಡಿದೀಯಾ?’ ಎಂದು ಕೇಳಿದ ಹಾಗೆ. ಜಗಳವೇ ಆಗುತ್ತದೆ.

ಐದು ಕಾಪಿ, ಐದು ಕಚ್ಚು. ಹಾಡು ಹಾಳಾಗಬಾರದು, ಆದ್ದರಿಂದ ಕೆಲಸಕ್ಕೆ ಬಾರದ ಜಾಗ ಹುಡುಕಿದೆ. ಒಬ್ಬನಿಗೆ ಖಾಲಿ ಪರದೆ, ಒಬ್ಬನಿಗೆ ಚಪ್ಪಾಳೆ, ಹೀಗೆ. ನಿನಗೆ ಯಾವುದು? ನೀನು ನೋಡುವುದು ಅಣ್ಣನ ಮುಖವನ್ನು, ಅವನ ಮುಖ ಇರುವ ಜಾಗ ಮುಟ್ಟಬಾರದು — ಹಾಗೆ ಯೋಚಿಸಿದೆ ಕಣೋ. ಎರಡನೇ ಹಾಡು ಮುಗಿದು ಮೂರನೆಯದು ಶುರುವಾಗುವ ಮುಂಚೆ ಅವನು ತಂತಿ ಬಿಗಿ ಮಾಡುತ್ತಾ ಕ್ಯಾಮೆರಾಗೆ ಬೆನ್ನು ಕೊಟ್ಟು, ವೇದಿಕೆಯ ಕೆಳಗೆ ನಿಂತ ಯಾರಿಗೋ ಏನೋ ಹೇಳುತ್ತಾನೆ. ಮುಖವಿಲ್ಲ. ಹಾಡಿಲ್ಲ. ಬರೀ ಮಾತು. ಅದನ್ನು ತೆಗೆದೆ.

ಇದನ್ನು ನೆಪ ಎಂದು ಓದಬೇಡ. ಚಿತ್ರ ಮಾತ್ರ ನೋಡಿ ನೋಡಿ ಕಿವಿ ಸತ್ತುಹೋಗಿದ್ದವನು ಮಾಡಿದ ಕೆಲಸ ಎಂದು ಓದು. ಕತ್ತರಿಸುವಾಗ ಆ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಸಣ್ಣ, ಸ್ವಲ್ಪ ಒಡೆದ ದನಿ, ಕೊನೆಯಲ್ಲಿ ನಗು.

“ಅಮ್ಮಂಗೆ ಹೇಳ್ಬಿಡು, ಇದು ಮುಗಿಸ್ಕೊಂಡು ಊಟಕ್ಕೆ ಬರ್ತೀನಿ ಅಂತ. ನಂಗೂ ಒಂದು ಎಲೆ ಹಾಕಿರ್ಲಿ.”

ಮನೆ ಮಾತು, ಇದು ಯಾರಿಗೆ ಬೇಕು ಎಂದುಕೊಂಡೆ. ಉಳಿದ ನಾಲ್ಕು ಕಾಪಿಗಳಲ್ಲಿ ಆ ಮಾತು ಹಾಗೇ ಉಳಿಯಿತು. ನೋಡು ಮುನಿ — ಸಂಬಂಧವೇ ಇಲ್ಲದ ನಾಲ್ಕು ಜನರ ಅಲಮಾರಿಯಲ್ಲಿ ನಿನ್ನ ಅಣ್ಣ ಮಾತಾಡುತ್ತಿದ್ದ. ನಿನ್ನ ಮನೆಯಲ್ಲಿ ಮಾತ್ರ ಅವನಿಗೆ ಬಾಯಿರಲಿಲ್ಲ.

ಮಹದೇವಪುರದ ನಿನ್ನ ಮನೆಗೆ ನಾನೇ ಡಿಸ್ಕ್ ತಂದೆ, ಒಂದು ಭಾನುವಾರ ಬೆಳಿಗ್ಗೆ. ಒಳ್ಳೆಯತನಕ್ಕೆ ಬಂದೆ ಎಂದುಕೊಂಡೆಯೇನೋ. ಸತ್ಯ ಹೇಳುತ್ತೇನೆ, ಕುತೂಹಲಕ್ಕೆ ಬಂದೆ. ಆ ದಿನ ಹಾಲಿನಲ್ಲಿ ಯಾರು ಯಾರಿದ್ದರು, ಆ ಗಿಟಾರು ಎಲ್ಲಿಂದ ಬಂತು, ನಿನ್ನ ಅಮ್ಮನನ್ನು ಕೆದಕಿ ತಿಳಿದುಕೊಳ್ಳಬೇಕಿತ್ತು. ಪುಸ್ತಕ, ಪೆನ್ನು ಬೇರೆ ತಂದಿದ್ದೆ.

ನಾರಾಯಣಮ್ಮ ಮಂಚದ ಮೇಲೆ ಕೂತಿದ್ದರು. ಫಿಲಂ ಹಾಕಿದ ಕೂಡಲೇ ಎದ್ದು ಬಂದು ಟಿವಿಯ ಗಾಜಿಗೆ ಕೈಯಿಟ್ಟರು.

“ನಮ್ ಗೋವಿಂದಾನೇ ಕಣೋ ಇವ್ನು! ಕೂದ್ಲು ನೋಡು, ಕತ್ತರಿಸ್ಕೊಳೋ ಅಂದ್ರೆ ಕೇಳ್ತಿದ್ನಾ ಪಾಪಿ.”

ಮೂರು ಸಲ ನೋಡಿದರು. ಮೂರನೆಯದು ಮುಗಿದ ಮೇಲೆ ನನ್ನ ಕಡೆ ತಿರುಗಿದರು. “ಇವ್ನು ಮಾತಾಡಲ್ವೇನಪ್ಪಾ?”

ನೀನು ಅದನ್ನೇ ಕೇಳಿದೆ. “ಎಲ್ಲೂ ಇಲ್ವಾ, ಶೇಖರಣ್ಣ? ಒಂದ್ ಮಾತೂ?”

“ಇಲ್ಲ” ಎಂದೆ.

ಯೋಚಿಸಲೂ ಇಲ್ಲ. ಕಚ್ಚಿನ ವಿಷಯ ಬಂದರೆ ಇಲ್ಲ ಎನ್ನುವುದು ನಮಗೆ ರೂಢಿ, ಯಾರಾದರೂ ನಮಸ್ಕಾರ ಎಂದರೆ ನಮಸ್ಕಾರ ಎನ್ನುವ ಹಾಗೆ. ಆ ಕ್ಷಣಕ್ಕೆ ಅದು ಸಣ್ಣ ಸುಳ್ಳೇ. ಸಣ್ಣದಾಗಿಯೇ ಉಳಿಯುತ್ತಿತ್ತೇನೋ, ನಾನು ಪುಸ್ತಕ ತೆಗೆದು ಆ ಪ್ರಶ್ನೆ ಕೇಳದೇ ಇದ್ದಿದ್ದರೆ. ‘ಈ ಶೂಟಿಂಗ್ ಯಾವಾಗ ಆಗಿದ್ದು, ನಿಮಗೆ ನೆನಪಿದೆಯಾ ಅಮ್ಮಾ?’ ಎಂದೆ.

“ನೆನಪಿಲ್ದೆ ಏನು,” ಎಂದರು. “ಅವತ್ತೇ ಅವ್ನು ಹೋಗಿದ್ದು.”

ನನ್ನ ಪೆನ್ನು ನಿಂತಿತು. ಅವರು ಮಂಚಕ್ಕೆ ಹೋಗಿ ಕೂತು, ನನಗಲ್ಲ, ಟಿವಿಗೆ ಹೇಳುವವರ ಹಾಗೆ ಹೇಳಿದರು.

“ಅವತ್ತು ಅವರಪ್ಪನ ತಿಥಿ. ಇವತ್ತಾದ್ರೂ ಆ ಡಬಡಬ ಬಿಡೋ ಅಂದೆ. ಯಾರೋ ಬೇರೆ ದೇಶದವ್ರು ಬರ್ತಾರಂತೆ, ಇವ್ನು ಹೋಗ್ಲೇಬೇಕಂತೆ. ಹೊಸಿಲು ದಾಟಿದ್ರೆ ಊಟಕ್ಕೆ ಬರ್ಬೇಡ ಅಂದ್ಬಿಟ್ಟೆ. ಸುಮ್ನೆ ಹೋದ. ಬಾಯಲ್ಲಿ ಅಂದೆ ಅಷ್ಟೇ ಕಣಪ್ಪಾ — ಅವನ ಎಲೆ ಹಾಕಿದ್ದೆ. ಕಾಯ್ತಾ ಕೂತಿದ್ದೆ. ಶಿವಾಜಿನಗರ ಬಸ್ ಸ್ಟ್ಯಾಂಡ್‌ನಲ್ಲಿ ಬಸ್ಸು ಹಿಂದಕ್ಕೆ ಬಂದು... ಅಲ್ಲೇ.”

ನೀನು ಎದ್ದು ಹೋಗಿ ನೀರು ತಂದೆ. ಈ ಕತೆ ನಿನಗೆ ಬಾಯಿಪಾಠ. ನಾನು ಮೊದಲ ಸಲ ಕೇಳುತ್ತಿದ್ದೆ.

“ಅಲ್ಲಿಂದ ಹಲಸೂರಿಗೂ ಬಸ್ಸಿತ್ತು, ಕೋಲಾರಕ್ಕೂ ಇತ್ತು. ಕೋಲಾರದಲ್ಲಿ ನಮ್ಮಣ್ಣನ ಮನೆ. ಕೋಪ ಬಂದ್ರೆ ಅಲ್ಲಿಗೇ ಓಡೋನು. ಅವ್ನು ಯಾವ ಬಸ್ ಹತ್ತಕ್ ಹೋಗಿದ್ದ? ಇವತ್ತಿಗೂ ಯಾರೂ ಹೇಳ್ಲಿಲ್ಲ. ಮನೇಗ್ ಬರ್ತಿದ್ನೋ, ನನ್ ಮೇಲೆ ಮುನಿಸ್ಕೊಂಡು ಹೋಗ್ತಿದ್ನೋ. ಅದೊಂದು ಗೊತ್ತಾದ್ರೆ ಸಾಕಾಗಿತ್ತಪ್ಪಾ ನಂಗೆ.”

ನನಗೆ ಗೊತ್ತಿತ್ತು ಮುನಿ. ಯಾವ ಬಸ್ಸು ಎಂದು ಗೊತ್ತಿದ್ದವನು ಇಡೀ ಊರಿನಲ್ಲಿ ನಾನೊಬ್ಬನೇ, ಅವರಿಂದ ನಾಲ್ಕು ಅಡಿ ದೂರದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದೆ. ಬಾಯಿಗೆ ಬಂತು. ಆದರೆ ಎರಡು ನಿಮಿಷದ ಹಿಂದೆ ಇಲ್ಲ ಎಂದಿದ್ದೆನಲ್ಲ. ಈಗ ಇದೆ ಎಂದರೆ, ಯಾಕೆ ಕತ್ತರಿಸಿದೆ ಎನ್ನುತ್ತೀಯ. ನಿನ್ನನ್ನು ನಂಬದೆ ಕತ್ತರಿಸಿದೆ ಎನ್ನಬೇಕು. ಅಣ್ಣನ ಫಿಲಮ್ಮಿಗೆ ಬಂದವನ ಮೇಲೆ ಕಳ್ಳತನದ ಅನುಮಾನ! ಅಷ್ಟು ನಾಚಿಕೆ ನುಂಗಿದ್ದರೆ ಸಾಕಿತ್ತು. ನುಂಗಲಿಲ್ಲ. ಪುಸ್ತಕ ಮುಚ್ಚಿ, ಕಾಫಿ ಕುಡಿದು ಬಂದೆ.

ಮುಂದಿನ ವಾರ ಹೇಳುತ್ತೇನೆ ಎಂದುಕೊಂಡೆ. ಇನ್ನೊಂದು ಒಳ್ಳೆಯ ಪ್ರಿಂಟು ಸಿಕ್ಕಿತು, ಅದರಲ್ಲಿ ಮಾತಿದೆ ಎಂದು ಸುಳ್ಳು ಹೇಳಿಯಾದರೂ ಕೊಡೋಣ ಎಂದುಕೊಂಡೆ. ಅದಕ್ಕೂ ಹೆದರಿದೆ. ನೀನು ಲೇತ್ ಮೇಲೆ ಕೂದಲೆಳೆಯಷ್ಟು ವ್ಯತ್ಯಾಸ ಹಿಡಿಯುವವನು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಎಲ್ಲಿ ಬ್ಲೇಡು ಆಡಿದೆ ಎಂದು ತಿಳಿಯುತ್ತಿತ್ತು.

ಹಾಗೆಂದು ಸುಮ್ಮನಿದ್ದೆನೇ? ಅಯ್ಯೋ, ಅದೇ ನನ್ನ ದರಿದ್ರ ಬುದ್ಧಿ. ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಆ ಹದಿನಾಲ್ಕು ಸೆಕೆಂಡು ಹಾಕಿ ಹಾಕಿ ನೋಡಿದೆ. ಗೋಡೆಯ ಗಡಿಯಾರದಲ್ಲಿ ಹನ್ನೆರಡೂ ಹತ್ತು. ಕೆಳಗೆ ನಿಂತವನದು ಅರ್ಧ ಭುಜ ಕಾಣುತ್ತದೆ, ಚೌಕಳಿ ಅಂಗಿ, ತೋಳು ಮಡಿಸಿದೆ, ಮೊಣಕೈ ಮೇಲೆ ಸುಟ್ಟ ಗಾಯದ ಗುರುತು. ಯಾರು ಅವನು? ಯಾಕೆ ಹಲಸೂರಿಗೆ ಹೋಗಿ ಹೇಳಲಿಲ್ಲ? ಮೂರನೇ ಹಾಡಿನವರೆಗೂ ನಿಂತುಬಿಟ್ಟನೇ? ಹೊರಟು, ದಾರಿಯಲ್ಲೇ ಸುದ್ದಿ ಕೇಳಿ, ಇನ್ನೇನು ಹೇಳುವುದೆಂದು ಹಿಂದಿರುಗಿದನೇ? ಆ ಚೌಕಳಿ ಅಂಗಿಯನ್ನು ಬೇರೆ ಫಿಲಮ್ಮುಗಳಲ್ಲಿ ಹುಡುಕಿದೆ. ಆ ಕಾಲದ ಕೇಳುಗರಲ್ಲಿ ಬದುಕಿರುವ ಇಬ್ಬರನ್ನು ಹುಡುಕಿ ಮಾತಾಡಿಸಿದೆ. ಸಿಗಲಿಲ್ಲ. ಆ ಗಾಯದ ಮೊಣಕೈಯನ್ನು ನೋಡಿದ ಕೂಡಲೇ ಹೆಸರು ಹೇಳುವವರು ಒಬ್ಬರೇ ಇದ್ದರು, ನಿನ್ನ ಅಮ್ಮ; ಅವರಿಗೆ ನಾನು ತೋರಿಸುವ ಹಾಗಿರಲಿಲ್ಲ. ಈ ಸಂದೇಶವನ್ನು ತಲುಪಿಸದೆ ಹೋದ ಇನ್ನೊಬ್ಬ ಯಾರು ಎಂದು ತಿಳಿಯುವ ಆಸೆ ನನಗೆ. ನಾನು ಯಾರು ಎಂದು ಒಂದು ಸಲವೂ ಕೇಳಿಕೊಳ್ಳಲಿಲ್ಲ.

ಆಮೇಲೆ ಆ ಮಳೆಗಾಲ ಬಂತು. ರಾಜಕಾಲುವೆ ಉಕ್ಕಿ ನಿನ್ನ ಮನೆಯೊಳಗೆ ಮಂಡಿಯುದ್ದ ನೀರು. ಅಮ್ಮನನ್ನು ಮಹಡಿಗೆ ಹೊತ್ತುಕೊಂಡು ಹೋದೆಯಂತೆ. ನೀರಿಳಿದ ಮೇಲೆ ಕೆಸರು ಮೆತ್ತಿದ ಡಿಸ್ಕ್ ಹಿಡಿದುಕೊಂಡು ಅಂಗಡಿಗೆ ಬಂದೆ.

“ಇನ್ನೊಂದ್ಸಲ ಹಾಕ್ಕೊಡಿ ಶೇಖರಣ್ಣ. ಫ್ರಿಜ್ಜು ಹೋಯ್ತು, ಬೀರು ಹೋಯ್ತು, ಅಮ್ಮಂದು ಅದ್ಯಾವ್ದಕ್ಕೂ ಗಲಾಟೆ ಇಲ್ಲ. ಗೋವಿಂದ ಎಲ್ಲೋ ಅಂತಾವ್ಳೆ.”

ದೇವರು ಎರಡನೇ ಸಲ ತಂದು ಕೈಗಿಟ್ಟ. ನಿನ್ನ ಹತ್ತಿರ ಹಳೆಯ ಕಾಪಿ ಇಲ್ಲ, ಹೋಲಿಸಲು ಏನೂ ಇಲ್ಲ. ಪೂರ್ತಿ ರೀಲು ಹಾಕಿಕೊಟ್ಟು, ‘ಈ ಸಲ ಏನೋ ದನಿ ಕೇಳಿಸ್ತಿದೆ ನೋಡು’ ಎಂದಿದ್ದರೆ ಮುಗಿಯುತ್ತಿತ್ತು. ನೀನು ಸ್ಟೂಲಿನ ಮೇಲೆ ಕೂತಿದ್ದೆ. ನಾನು ಬೆನ್ನು ಹಾಕಿ ಕೂತು, ಅದೇ ಜಾಗದಲ್ಲಿ, ಅದೇ ಹದಿನಾಲ್ಕು ಸೆಕೆಂಡು ತೆಗೆದೆ. ನೀನು ಆ ಫಿಲಂ ನೂರು ಸಲ ನೋಡಿದ್ದೀಯ, ಹೊಸದೇನಾದರೂ ಬಂದರೆ ಹಿಡಿಯುತ್ತೀಯ ಎಂಬ ಭಯ. ಮೊದಲ ಸಲದ್ದಕ್ಕೆ ರೂಢಿ ಎಂಬ ಹೆಸರಾದರೂ ಇತ್ತು. ಇದಕ್ಕೆ ಹೆಸರಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ಒಬ್ಬ ತಾಯಿಗೆ — ಇರಲಿ, ಏನೆಂದು ಬರೆಯಲಿ. ನೀನು ಕೈ ಮುಗಿದು ಹೋದೆ.

ಒಟ್ಟು ಆರು ವರ್ಷ ಇತ್ತು ನನಗೆ. ಹಲಸೂರಿನಿಂದ ಮಹದೇವಪುರಕ್ಕೆ ಎಷ್ಟು ದೂರ ಹೇಳು. ಟ್ರಾಫಿಕ್ ಇದ್ದರೂ ಒಂದು ಗಂಟೆ.

ಹೋದ ವರ್ಷ ನಾರಾಯಣಮ್ಮ ತೀರಿಕೊಂಡರು. ಹನ್ನೊಂದನೇ ದಿನ ನಾನು ಬಂದೆ. ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡೆ ನೀನು.

“ಕೊನೇ ವಾರ ಎಲ್ಲಾ ಮರ್ತೋಗಿದ್ಲು ಶೇಖರಣ್ಣ. ನನ್ ಹೆಸ್ರೂ ಬರ್ತಿರ್ಲಿಲ್ಲ. ಯಾವ್ ಬಸ್ಸು, ಯಾವ್ ಬಸ್ಸು ಅಂತ ಅದೊಂದೇ.”

ನನ್ನನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿದೆ. ನೀನೇ ಎಲೆ ಹಾಕಿ, ನೀನೇ ನೀರು ಚಿಮುಕಿಸಿದೆ. ‘ಅಮ್ಮಂಗೆ ಅಣ್ಣನ್ನ ತೋರಿಸ್ದೋರು ಇವ್ರೇ’ ಎಂದು ಪಕ್ಕದಲ್ಲಿ ಕೂತವರಿಗೆ ಹೇಳಿದೆ. ಎದ್ದು ಓಡಿಹೋಗಬೇಕಿತ್ತು. ನೀನು ಬಡಿಸಿದೆ, ನಾನು ಉಂಡೆ. ಸಾರು ಹಾಕಿಸಿಕೊಂಡು ಎರಡನೇ ಸಲವೂ ಉಂಡೆ.

ಅಂದಿನಿಂದ ಆ ಡಬ್ಬ ತೆಗೆದಿರಲಿಲ್ಲ. ಹೋದ ಸೋಮವಾರ ನೀನು ಫೋನ್ ಮಾಡಿ, ಬರುವ ಭಾನುವಾರ ಅಮ್ಮನ ವರ್ಷದ ತಿಥಿ, ತಪ್ಪದೆ ಬನ್ನಿ ಎಂದೆ. ಫೋನ್ ಇಟ್ಟ ಮೇಲೆ ಅಲಮಾರಿಯಿಂದ ಡಬ್ಬ ಇಳಿಸಿದೆ. ಹುಳಿ ವಾಸನೆ ಜಾಸ್ತಿಯಾಗಿದೆ, ಫಿಲಂ ಅಂಚಿನಲ್ಲಿ ಸೊಟ್ಟಗಾಗುತ್ತಿದೆ. ಇನ್ನೆರಡು ವರ್ಷ ಬಿಟ್ಟಿದ್ದರೆ ನನ್ನ ಸುಳ್ಳೇ ನಿಜವಾಗುತ್ತಿತ್ತು. ಪ್ರೊಜೆಕ್ಟರಿಗೆ ಏರಿಸಿದೆ. ದನಿ ಇದೆ. ನಗು ಕೂಡ ಇದೆ.

ಭಾನುವಾರ ಹತ್ತು ಗಂಟೆಗೆ ಬರುತ್ತೇನೆ. ಮೂಲ ರೀಲನ್ನೇ ತರುತ್ತಿದ್ದೇನೆ, ಜೊತೆಗೆ ಕಚ್ಚಿಲ್ಲದ ಕಾಪಿಯನ್ನೂ. ಇನ್ನು ಅದು ನನ್ನದಲ್ಲ, ನಿನ್ನದು. ಚಹಾ ಅಂಗಡಿಯ ನಾಲ್ವರಿಗೂ ಹೇಳಿದ್ದೇನೆ, ನಿನ್ನ ಕಾಪಿಗೆ ಏನು ಮಾಡಿದೆ ಎಂದು, ಯಾಕೆ ಎಂದು. ಒಬ್ಬ ಫೋನ್ ಇಟ್ಟುಬಿಟ್ಟ. ಕಾಗದ ಮುಂಚೆಯೇ ಕಳಿಸುತ್ತಿರುವುದು, ಬಾಗಿಲು ತೆಗೆಯಬೇಕೋ ಬೇಡವೋ ನೀನು ಮೊದಲೇ ತೀರ್ಮಾನ ಮಾಡಿಕೋ ಎಂದು. ತೆಗೆಯದಿದ್ದರೆ ಮೆಟ್ಟಿಲ ಮೇಲೆ ಇಟ್ಟು ಹೋಗುತ್ತೇನೆ. ಬಿಸಿಲು ಬೀಳದ ಕಡೆ ಇಡುತ್ತೇನೆ.

ಎಡೆ ಇಡುವ ಮುಂಚೆ ಅಮ್ಮನ ಫೋಟೋ ಮುಂದೆ ಅದನ್ನು ಹಾಕು. ಅವರು ಕೇಳಿಸಿಕೊಳ್ಳುತ್ತಾರೆಂದು ನಾನು ಹೇಳಲಾರೆ, ಹಾಗೆ ಸಮಾಧಾನ ಮಾಡುವ ಯೋಗ್ಯತೆ ನನಗಿಲ್ಲ. ನೀನಾದರೂ ಕೇಳು. ಅವನು ಹಲಸೂರಿನ ಬಸ್ಸಿಗೇ ಹೋಗಿದ್ದ ಮುನಿ. ಊಟಕ್ಕೆ ಬರುತ್ತಿದ್ದ.

ಅವನಿಗೊಂದು ಎಲೆ ಹಾಕು. ನನಗೆ ಹಾಕಬೇಡ.